ಪವಿತ್ರ ತಲೆಯಾಡಿಸುವ ತನಕ

ಹನ್ನೊಂದು ವರ್ಷದಿಂದ ಕೊಳ್ಳೇಗಾಲದ ಶಿಕ್ಷಕರ ತರಬೇತಿಯಲ್ಲಿ ಮೈಕು ಮಹದೇವಪ್ರಸಾದ್ ಮೇಷ್ಟ್ರದ್ದೇ. ವಿಷಯ ಬಾಲ್ಯವಿವಾಹವಿರಲಿ, ಕುಡಿತವಿರಲಿ, ಮುದುಕನ ಕೆಮ್ಮು, ಅತ್ತೆಯ ಗೊಣಗು, ಕಂಡಕ್ಟರನ ಸೀಟಿ ಎಲ್ಲವನ್ನೂ ಬಾಯಲ್ಲೇ ಹೊರಡಿಸಿ ನಗಿಸುತ್ತಿದ್ದರು. ಈ ಸಲ ಆ ಜಾಗಕ್ಕೆ ಲೊಕ್ಕನಹಳ್ಳಿ ಕಡೆಯ ಪ್ರೌಢಶಾಲೆಯ ಕೋಮಲ ಟೀಚರ್ ಹೆಸರು ಕೇಳಿಬಂತು. ಕೆಲಸಕ್ಕೆ ಸೇರಿ ಎರಡು ವರ್ಷವೂ ಆಗಿಲ್ಲ. ಪಾಠ ನೋಡಿ, ಆಕೆ ಆಗಬಹುದೋ ಇಲ್ಲವೋ ಬರೆದುಕೊಡಿ ಎಂದು ಮೇಲಿನವರು ಮೇಷ್ಟ್ರಿಗೇ ಹೇಳಿದ್ದರು. ತಾನು ಕೂತ ಕುರ್ಚಿಗೆ ತಾನೇ ಗರಗಸ ಹಿಡಿಯುವ ಕೆಲಸ. ಹನೂರಿನಲ್ಲಿ ಬಸ್ಸು ಹತ್ತುವಷ್ಟರಲ್ಲೇ 'ಆಗದು' ಎಂಬ ವರದಿ ತಲೆಯಲ್ಲಿ ಅಚ್ಚಾಗಿತ್ತು.

ಅಂದಿನ ಚರ್ಚೆ, ಹತ್ತನೇ ಕ್ಲಾಸಾದ ಮೇಲೆ ಹುಡುಗಿಯರ ಓದು ನಿಲ್ಲುವುದೇಕೆ ಎಂಬುದು. ಮಕ್ಕಳು ದುಂಡಗೆ ಕೂತಿದ್ದರು, ಮೇಷ್ಟ್ರು ಬಾಗಿಲ ಬಳಿ ಕುರ್ಚಿಯಲ್ಲಿ. ಕೋಮಲಳದು ಒಂದೇ ಕಟ್ಟಳೆ: ನಿನಗಿಂತ ಹಿಂದೆ ಮಾತಾಡಿದವರು ಹೇಳಿದ್ದನ್ನು ಮೊದಲು ನೀನು ಹೇಳಬೇಕು, ಅವರು ಹೌದೆಂದು ತಲೆಯಾಡಿಸಿದ ಮೇಲೇ ನಿನ್ನ ಮಾತು. ಇಷ್ಟು ಹೇಳಿ ಆಕೆ ಕಿಟಕಿ ಪಕ್ಕ ಸುಮ್ಮನೆ ಕೂತಳು. ಇನ್ನೊಬ್ಬರ ಮಾತು ಒಪ್ಪಿಸುವುದು ತನ್ನ ಕಸುಬಲ್ಲವೇ ಅನ್ನಿಸಿ ಮೇಷ್ಟ್ರ ಹೊಟ್ಟೆಯಲ್ಲಿ ಸೌದೆಯಿಲ್ಲದೆ ಒಲೆ ಹತ್ತಿತು.

"ದಾರೀಲಿ ಆನೆ ಬತ್ತದೆ ಅಂತ ನನ್ನ ಕಾಲೇಜ್ಗೆ ಕಳ್ಸಲ್ವಂತೆ," ಎಂದಳು ಪವಿತ್ರ. "ಅದೇ ದಾರೀಲಿ ನಮ್ಮಣ್ಣ ಓಯ್ತನೆ. ಆನೆಗೇನು ಗಂಡು ಎಣ್ಣು ಅಂತ ಗೊತ್ತಾ?"

ಮೇಷ್ಟ್ರು ತಡೆಯಲಾರದೆ ಎದ್ದರು. ಅವಳ ರಾಗ, ಮೂಗು ಒರೆಸುವ ಚಾಳಿ, ಯಾವುದೂ ತಪ್ಪಲಿಲ್ಲ. "ಆನೆ ಬತ್ತದೆ ಸಾ, ಕಾಲೇಜು ಅಂದ್ರೆ ನಂಗೆ ಬಯ."

ಮಕ್ಕಳು ಬಿದ್ದು ಬಿದ್ದು ನಕ್ಕರು. ಪವಿತ್ರ ನಗಲಿಲ್ಲ, ತಲೆಯನ್ನೂ ಆಡಿಸಲಿಲ್ಲ, ನೆಟ್ಟ ಕಣ್ಣಲ್ಲಿ ಮೇಷ್ಟ್ರನ್ನೇ ನೋಡಿದಳು.

"ದನಿ ನಂದೇ ಸಾ. ಮಾತು ನಂದಲ್ಲ. ಬಯ ಅಂತ ನಾನೆಲ್ಲಿ ಏಳ್ದೆ?"

ನಗು ನಿಂತಿತು. ಮೇಷ್ಟ್ರು ಕೋಮಲಳತ್ತ ನೋಡಿದರು. ಆಕೆ ಕಾಪಾಡಲೂ ಇಲ್ಲ, ಹಂಗಿಸಲೂ ಇಲ್ಲ, ಕಾದಳು. ಕೊನೆಗೆ ಮೇಷ್ಟ್ರು ಬಹಳ ದಿನದಿಂದ ಬಳಸದಿದ್ದ ತಮ್ಮದೇ ಒಣದನಿಯಲ್ಲಿ, "ಭಯ ನಿಂದಲ್ಲ, ಮನೆಯವರದ್ದು. ಅದೂ ನಿನ್ನೊಬ್ಬಳ ವಿಷಯಕ್ಕೆ," ಎಂದರು.

ಪವಿತ್ರ ಕೊಂಚ ಯೋಚಿಸಿ ತಲೆಯಾಡಿಸಿದಳು. "ಊ. ಈಗ ನಿಮ್ಮಾತು ಏಳಿ ಸಾ."

ಮೇಷ್ಟ್ರು ಪಕ್ಕದ ಹುಡುಗನತ್ತ ಕೈ ತೋರಿಸಿ ಕೂತರು.

ಸ್ಟಾಫ್ ರೂಮಿನಲ್ಲಿ ಪೆನ್ನು ಎರಡು ಸಲ ನಿಂತಿತು. ಪವಿತ್ರಳ ಆ ನೆಟ್ಟ ನೋಟ ಕಾಗದದ ಮೇಲೆಯೇ ಕೂತಂತಿತ್ತು. 'ಆಗಬಹುದು' ಎಂದು ಬರೆದು, ಹಲ್ಲು ಕಚ್ಚಿ ಸಹಿ ಹಾಕಿದರು.

ವಾಪಸ್ ಬಸ್ಸಿನಲ್ಲಿ, ಹೊಟ್ಟೆಯುರಿ ತಣಿಯಲೆಂದು, ಕೋಮಲಳನ್ನು ಅಣಕಿಸಲು ಬಾಯಿ ತೆರೆದರು. ಆಕೆಯ ದನಿ ಬಾಯಿಗೆ ಹತ್ತಲಿಲ್ಲ. ನಲವತ್ತು ನಿಮಿಷದಲ್ಲಿ ಆಕೆ ಆಡಿದ್ದೇ ಎರಡು ಮಾತು. ಹಾಳು ಹೆಂಗಸು, ಅಣಕಿಸಲೂ ಏನನ್ನೂ ಉಳಿಸಿರಲಿಲ್ಲ.