ಹ್ಯಾಟಿಲ್ಲದ ಚಿತ್ರ

ಹೆಣದ ಪಕ್ಕದಲ್ಲಿ ಹ್ಯಾಟು ಬಿದ್ದಿರದಿದ್ದರೆ ಅದು ಚಿತ್ರವೇ ಅಲ್ಲ ಎನ್ನುವುದು ರಸ್ ಹ್ಯಾಲರನ್‌ನ ಹಟ. ನಮ್ಮ ಶಿಕಾಗೊ ಪತ್ರಿಕೆಯ ಫೋಟೊಗ್ರಾಫರ್ ಅವನು. ಅವನು ತಂದ ಫಿಲ್ಮು ತೊಳೆಯುವವನು ನಾನು. ಪೊಲೀಸರಿಗಿಂತ ಮುಂಚೆ ಹಾಜರಾಗಿ, ದೂರ ಉರುಳಿದ ಹ್ಯಾಟನ್ನು ಬೂಟಿನಿಂದ ತಳ್ಳಿ ಸತ್ತವನ ತಲೆಯ ಬಳಿಗೆ ತರುತ್ತಿದ್ದ. ಕೇಳಿ ನಾವೆಲ್ಲ ನಗುತ್ತಿದ್ದೆವು.

ಆ ಮಾರ್ಚ್‌ನಲ್ಲಿ ಸ್ಟಾನ್ ಪಾವ್ಲಿಕ್‌ನ ಊಟದಂಗಡಿಯ ಮುಂದೆ ಜೂಜುಕೋರನೊಬ್ಬ ಗುಂಡೇಟು ತಿಂದು ಸತ್ತ. ಬರಿತಲೆ. ರಸ್ ಒಂದು ಚಿತ್ರ ತೆಗೆದ, ಮನಸ್ಸಿಗೆ ಹಿಡಿಸಲಿಲ್ಲ. ಅಂಗಡಿಯ ಬಾಗಿಲ ಹಿಂದೆ ತೂಗುತ್ತಿದ್ದ ಹ್ಯಾಟನ್ನು ತಂದಿಟ್ಟು ಇನ್ನೊಂದು ತೆಗೆದ. ಅಷ್ಟರಲ್ಲಿ ಪೊಲೀಸರು ಬಂದರು, ಹ್ಯಾಟು ಅಲ್ಲೇ ಉಳಿಯಿತು. ಅದರ ಒಳಪಟ್ಟಿಯಲ್ಲಿ ಸ್ಟಾನ್‌ನ ಹೆಸರಿತ್ತು. ಹಿಂದಿನ ದಿನವಷ್ಟೇ ಅವನಿಗೂ ಸತ್ತವನಿಗೂ ಜಗಳವಾಗಿತ್ತು. ಸ್ಟಾನ್‌ನನ್ನು ಎಳೆದುಕೊಂಡು ಹೋದರು. ಮುಖಪುಟದಲ್ಲಿ ಎರಡನೆಯ ಚಿತ್ರ, ಕೆಳಗೆ ರಸ್‌ನ ಹೆಸರು.

"ಮೊದಲನೇದರಲ್ಲಿ ಹ್ಯಾಟೇ ಇಲ್ವಲ್ಲೋ," ಎಂದೆ.

"ಅದನ್ನ ಸುಟ್ಟಾಕು ಮಾರಾಯ. ಹೆಣದ ಪಕ್ಕ ಏನೂ ಇಲ್ಲ, ಯಾರು ನೋಡ್ತಾರೆ?"

"ಆ ಮನುಷ್ಯನ್ನ ಕರೆಂಟಿನ ಕುರ್ಚಿ ಮೇಲೆ ಕೂರಿಸ್ತಾರೆ, ರಸ್."

"ನಾನೇನು ಜಡ್ಜಾ? ಬಾಯಿ ಬಿಟ್ರೆ ನಾಳೆಯಿಂದ ಮದುವೆ ಫೋಟೊ ತೆಗೀತಾ ಕೂರ್ಬೇಕು."

ಸುಡಲು ನನಗೆ ಕೈ ಬರಲಿಲ್ಲ.

ಮರುದಿನ ಸ್ಟಾನ್‌ನ ಹೆಂಡತಿ ಹೆಲೆನ್ ಕಚೇರಿಗೇ ಬಂದಳು. ಏಪ್ರನ್ ಕೂಡ ಬಿಚ್ಚಿರಲಿಲ್ಲ.

"ಹ್ಯಾಟು ಬಾಗಿಲ ಹಿಂದೇನೇ ಇತ್ತು ಸಾರ್. ಬೆಳಿಗ್ಗೆ ನಾನೇ ಒರೆಸಿ ತಗಲಾಕಿದ್ದೆ. ಎಲ್ಲರಿಗಿಂತ ಮುಂಚೆ ಬಂದೋರು ನೀವು, ನೋಡಿರ್ತೀರಿ. ಒಂದು ಮಾತು ಹೇಳಿ, ಸಾಕು."

ರಸ್ ತಲೆ ತಗ್ಗಿಸಿದ. ಕರಗಿದನೇನೋ ಎಂದುಕೊಂಡೆ. ಜೇಬಿನಿಂದ ಫ್ಲ್ಯಾಷ್ ಬಲ್ಬು ತೆಗೆದು, ಕರೆಂಟು ಸರಿಯಾಗಿ ಹರಿಯಲೆಂದು ನಮ್ಮ ಫೋಟೊದವರೆಲ್ಲ ಮಾಡುವಂತೆ ಅದರ ಬುಡವನ್ನು ನಾಲಗೆಗೆ ತಾಗಿಸಿ ಕ್ಯಾಮೆರಾಕ್ಕೆ ಸಿಕ್ಕಿಸಿದ.

"ಮುಖ ಸ್ವಲ್ಪ ಈ ಕಡೆ ತಿರುಗಿಸಮ್ಮ. ಕಣ್ಣು ಒರೆಸ್ಕೋಬೇಡ."

ಅವನಿಗೆ ಆಕೆಯ ಮೇಲೆ ದ್ವೇಷವೇನೂ ಇರಲಿಲ್ಲ, ಅದೇ ನನ್ನನ್ನು ಹೆದರಿಸಿದ್ದು. ಎದುರಿಗೆ ನಿಂತಿದ್ದ ಹೆಂಗಸು ಅವನಿಗೆ ಕಾಣುತ್ತಲೇ ಇರಲಿಲ್ಲ. ಹೆಲೆನ್ ಮೆಟ್ಟಿಲಿಳಿಯುವಾಗ ಹಿಂದೆಯೇ ಓಡಿ, ಮೊದಲನೆಯ ಫಿಲ್ಮನ್ನು ಅವಳ ಕೈಗಿಟ್ಟೆ. "ಎದುರಾಳಿ ಪತ್ರಿಕೆಯವರಿಗೆ ಕೊಡಿ. ಪೊಲೀಸರು ಬರೋ ಮುಂಚೆ ರಸ್ ತೆಗೆದದ್ದು ಅನ್ನಿ," ಎಂದೆ.

ಅವರು ಅದನ್ನು ಮುಖಪುಟದಲ್ಲೇ ಹಾಕಿದರು, ಕೆಳಗೆ ರಸ್‌ನ ಹೆಸರನ್ನೂ ಮರೆಯದೆ. ಸ್ಟಾನ್ ಮನೆಗೆ ಬಂದ. ರಸ್‌ಗೆ ಸಂಪಾದಕರ ಕರೆ ಬಂತು. ಯಾಕೆಂದು ಅವನಿಗೂ ಗೊತ್ತಿತ್ತು. ಹೋಗುವ ಮೊದಲು ಎರಡೂ ಪತ್ರಿಕೆಗಳನ್ನು ನನ್ನ ಮೇಜಿನ ಮೇಲೆ ಅಕ್ಕಪಕ್ಕ ಹರಡಿದ. ಬೈಯುತ್ತಾನೆಂದು ಕಾದೆ. ಅವನು ಬಗ್ಗಿ ಬಹಳ ಹೊತ್ತು ನೋಡಿದ.

"ನೀನೇ ಹೇಳು," ಎಂದ. "ಹ್ಯಾಟಿಲ್ದೆ ಎಷ್ಟು ಖಾಲಿ ಕಾಣುತ್ತೆ."