ಉಲ್ಟಾ ಉಲ್ಲೇಖ

ಖಾನಾಪುರದ ಮನಿಷಾ ಗುರವ ಬೇರೆಯವರ ಸಂಶೋಧನಾ ಲೇಖನಗಳ ಕೊನೆಯ ಪುಟಗಳನ್ನು ತಿದ್ದಿಕೊಡುತ್ತಿದ್ದಳು. ಆಧಾರ ಗ್ರಂಥಗಳ ಪಟ್ಟಿಗೆ ಪ್ರತಿ ವಿಜ್ಞಾನ ಪತ್ರಿಕೆಯದೂ ಒಂದೊಂದು ಕಟ್ಟಳೆ. ಒಂದಕ್ಕೆ ಲೇಖಕರ ಮನೆತನದ ಅಡ್ಡಹೆಸರು ಮೊದಲು ಬರಬೇಕು, ಇನ್ನೊಂದಕ್ಕೆ ಇನಿಷಿಯಲ್. ಒಂದು ಇಸವಿಯನ್ನು ಕಂಸದಲ್ಲಿ ಕೇಳಿದರೆ ಮತ್ತೊಂದು ಸಾಲಿನ ತುದಿಯಲ್ಲಿ ಕೇಳುತ್ತದೆ. ಇದಕ್ಕೆ ಸಾಫ್ಟ್‌ವೇರ್ ಇದೆ, ಆದರೆ ನಮ್ಮ ಕಡೆಯ ಹೆಸರುಗಳಲ್ಲಿ ಅಪ್ಪನ ಹೆಸರು ಯಾವುದು, ಅಡ್ಡಹೆಸರು ಯಾವುದು ಎಂಬಲ್ಲಿ ಅದು ಎಡವುತ್ತದೆ. ಹಾಗಾಗಿ ಬೆಳಗಾವಿಯ ಉಪನ್ಯಾಸಕರು ತಮ್ಮ ಫೈಲುಗಳನ್ನು ಮನಿಷಾಗೆ ಕಳಿಸುತ್ತಿದ್ದರು.

ಅವಳೂ ಒಂದು ಕಾಲಕ್ಕೆ ಸಂಶೋಧನೆ ಮಾಡಿದವಳೇ. ಪಿಎಚ್.ಡಿ. ಅರ್ಧಕ್ಕೆ ಬಂದಾಗ ಗೈಡ್ ತೀರಿಕೊಂಡರು. ಹೊಸ ಗೈಡ್ ವಿಷಯ ಬದಲಿಸು ಎಂದರು, ಇವಳು ಒಪ್ಪಲಿಲ್ಲ, ನೋಂದಣಿಯ ಅವಧಿ ಮುಗಿದುಹೋಯಿತು. ಅಷ್ಟರಲ್ಲಿ ಒಂದೇ ಒಂದು ಲೇಖನ ಅಚ್ಚಾಗಿತ್ತು. ಮದುವೆಗೆ ಮುಂಚಿನದಾದ್ದರಿಂದ ಅದರ ಮೇಲೆ ತವರಿನ ಹೆಸರಿತ್ತು: ಎಂ. ಎಸ್. ನಂದಗಡಕರ. ಭತ್ತದ ಸಸಿಮಡಿ ಮಾಡುವ ಮುಂಚೆ ಒಣಸೊಪ್ಪು, ಸೆಗಣಿ ಹರಡಿ ನೆಲ ಸುಡುತ್ತಾರಲ್ಲ, ಅದರಿಂದ ಎರೆಹುಳಗಳಿಗೆ ಏನಾಗುತ್ತದೆ ಎಂಬುದು ಅದರ ವಿಷಯ. ಸುಟ್ಟ ಮಡಿಯಲ್ಲೂ ಸುಡದ ಮಡಿಯಲ್ಲೂ ಹುಳಗಳು ಸರಿಸುಮಾರು ಒಂದೇ ಇದ್ದವು ಎಂದು ಅವಳು ಬರೆದಿದ್ದಳು.

ಏಪ್ರಿಲ್‌ನಲ್ಲಿ ಬೆಳಗಾವಿಯ ಒಂದು ಕಾಲೇಜಿನ ಪ್ರಾಣಿಶಾಸ್ತ್ರದ ಉಪನ್ಯಾಸಕ ಶಾಂತಿನಾಥ ಉಪಾಧ್ಯೆ ಒಂದು ಫೈಲ್ ಕಳಿಸಿದ. ಪಟ್ಟಿ ಸರಿಪಡಿಸಿ ಮತ್ತೆ ಕಳಿಸಿ ಎಂದು ಪತ್ರಿಕೆಯವರು ಅವನ ಲೇಖನವನ್ನು ಹಿಂದಿರುಗಿಸಿದ್ದರು. ಅವನ ವಿಷಯವೂ ಅದೇ, ಸಸಿಮಡಿ ಸುಡುವುದು ಮತ್ತು ಎರೆಹುಳ. ಮನಿಷಾ ಕುತೂಹಲದಿಂದಲೇ ಪಟ್ಟಿಯನ್ನು ಕೆಳಗಿಳಿಸುತ್ತ ಬಂದಳು. ‘ನಂದಗಡಕರ’ ಕಂಡಿತು. ವರ್ಷಗಳ ಮೇಲೆ ತನ್ನ ಹೆಸರನ್ನು ಅಚ್ಚಿನ ಸಾಲಿನಲ್ಲಿ ನೋಡಿ ಅವಳಿಗೆ ಖುಷಿಯಾಯಿತು. ಅದನ್ನು ಯಾವ ಮಾತಿಗೆ ಆಧಾರವಾಗಿ ಕೊಟ್ಟಿದ್ದಾನೆಂದು ಮೇಲೆ ಹೋಗಿ ಓದಿದಳು. ‘ಸುಡುವುದರಿಂದ ಎರೆಹುಳಗಳು ನಾಶವಾಗುತ್ತವೆ ಎಂದು ಖಾನಾಪುರದ ಅಧ್ಯಯನ ತೋರಿಸಿದೆ’ ಎಂದಿತ್ತು.

ಖುಷಿ ಇಳಿದುಹೋಯಿತು. ಫೋನಿನಲ್ಲಿ ಹೇಳುವ ಮಾತಲ್ಲ ಎಂದು ಮರುದಿನ ರೈಲು ಹತ್ತಿ ಬೆಳಗಾವಿಗೆ ಹೋದಳು.

ಶಾಂತಿನಾಥ ಪ್ರಯೋಗಾಲಯದಲ್ಲಿ ಉತ್ತರಪತ್ರಿಕೆ ತಿದ್ದುತ್ತಿದ್ದ. ಇಬ್ಬರೂ ಮುಖ ನೋಡಿದ್ದು ಅದೇ ಮೊದಲು.

“ಸರ್, ಒಂದು ರೆಫರೆನ್ಸ್ ತಪ್ಪೈತ್ರಿ.”

“ಸ್ಪೆಲ್ಲಿಂಗ್ ಏನ್ರಿ ಮ್ಯಾಡಮ್? ನೀವss ತಿದ್ದಿಬಿಡ್ರಿ.”

“ಸ್ಪೆಲ್ಲಿಂಗ್ ಬರೋಬ್ಬರಿ ಐತ್ರಿ. ನೀವು ಬರದದ್ದು ಆ ಪೇಪರ್‌ನ್ಯಾಗ ಇಲ್ಲ. ಅದರಾಗ ಉಲ್ಟಾ ಐತಿ.”

ಶಾಂತಿನಾಥ ಪೆನ್ನು ಕೆಳಗಿಟ್ಟ. “ಹಂಗ ಹೆಂಗ ಆಗ್ತದ್ರಿ? ದೊಡ್ಡ ದೊಡ್ಡವರೆಲ್ಲಾ ಅದನ್ನ ಹಂಗss ಹಾಕ್ಯಾರ. ನೀವು ಆ ಪೇಪರ್ ಓದೀರೇನು?”

“ಬರದಾಕಿನss ನಾನ್ರಿ. ನಂದಗಡಕರ ನನ್ನ ತವರಮನಿ ಹೆಸರು.”

ಅವನು ಕಂಪ್ಯೂಟರ್ ತೆರೆದು ಮೂಲ ಲೇಖನವನ್ನು ಹುಡುಕಿದ. ತಾನು ಅದನ್ನು ಓದಿಲ್ಲವೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡ. ಹಳೆಯ ಅಧ್ಯಯನಗಳನ್ನೆಲ್ಲ ಒಟ್ಟುಮಾಡಿ ವಿದೇಶದ ಇಬ್ಬರು ಬರೆದ ಒಂದು ಸಮೀಕ್ಷಾ ಲೇಖನದಿಂದ ಆ ಸಾಲನ್ನು ಎತ್ತಿಕೊಂಡಿದ್ದ. ಅಲ್ಲಿ ‘ಕಡಿಮೆಯಾಗಲಿಲ್ಲ’ ಎಂಬುದು ‘ಕಡಿಮೆಯಾಯಿತು’ ಎಂದಾಗಿತ್ತು. ಆಮೇಲೆ ಬಂದವರೆಲ್ಲ ಅಲ್ಲಿಂದಲೇ ಎತ್ತಿದ್ದರು.

“ಖರೇ ಅಂದ್ರ, ನನ್ನ ಮಡಿಯೊಳಗ ಹುಳ ಅರ್ಧಕ್ಕರ್ಧ ಕಡಿಮಿ ಆಗ್ಯಾವ್ರಿ. ನಾ ಸ್ವತಃ ಎಣಿಸೀನಿ. ಹಂಗಾರ ನಿಮ್ಮ ಎಣಿಕಿ ತಪ್ಪೇನು?”

ಮನಿಷಾಗೆ ಸಿಟ್ಟು ಬಂತು. ಆದರೂ ಕೇಳಿದಳು, “ನೀವು ಮಣ್ಣು ಯಾವಾಗ ತಗದಿದ್ರಿ?”

“ಹ್ವಾದ ವರ್ಷ ಮೇ ತಿಂಗಳ. ಸುಟ್ಟ ವಾರದಾಗ.”

“ನಾ ತಗದದ್ದು ಆಗಸ್ಟ್‌ದಾಗ. ಮಳಿ ಹಿಡದಮ್ಯಾಲ.”

ಇಬ್ಬರಿಗೂ ಏಕಕಾಲಕ್ಕೆ ಹೊಳೆಯಿತು. ಸುಟ್ಟ ಕೂಡಲೇ ಕಡಿಮೆಯಾದ ಹುಳಗಳು ಮಳೆ ಬಿದ್ದಮೇಲೆ ತಿರುಗಿ ಬರುತ್ತಿರಬಹುದು. ಹಾಗಿದ್ದರೆ ಇಬ್ಬರದೂ ಸರಿ. ಆದರೆ ಶಾಂತಿನಾಥನ ಲೇಖನದ ಶೀರ್ಷಿಕೆಯಲ್ಲೇ ‘ನಾಶ’ ಎಂಬ ಪದವಿತ್ತು. ಅವನ ಬಡ್ತಿಯ ಸಂದರ್ಶನ ಜೂನ್‌ನಲ್ಲಿತ್ತು, ಅಷ್ಟರೊಳಗೆ ಲೇಖನ ಒಪ್ಪಿಗೆಯಾಗಬೇಕಿತ್ತು.

“ಆ ಒಂದು ಸಾಲು ತಗದು ಉಳದದ್ದು ಹಂಗss ಕಳಿಸಿದ್ರ?” ಎಂದ.

“ಕಳಿಸ್ರಿ. ಪಟ್ಟಿ ಹೊಂದಿಸಿ ಕೊಡೂದಷ್ಟss ನನ್ನ ಕೆಲಸ. ಆದ್ರ ನನ್ನ ಪೇಪರ್‌ನ್ಯಾಗ ಉಲ್ಟಾ ಐತಂತ ಈಗ ನಿಮಗ ಗೊತ್ತಾಗೇತಿ. ಗೊತ್ತಿದ್ದೂ ಬಿಟ್ರ ಅದು ಮುಚ್ಚಿಟ್ಟಂಗ.”

ಅವನ ಮುಖ ಬಿಗಿಯಾಯಿತು. ಮನಿಷಾ ಎದ್ದು ಬಂದಳು. ರೈಲು ದೇಸೂರ ದಾಟುವಾಗ, ಇಷ್ಟು ಖಡಕ್ಕಾಗಿ ಹೇಳಬಾರದಿತ್ತೇನೋ ಅನ್ನಿಸಿತು. ಆಮೇಲೆ, ಹೇಳಿದ್ದೇ ಸರಿ ಅನ್ನಿಸಿತು. ಮನೆಗೆ ಬಂದು ಆ ಸಮೀಕ್ಷೆ ಬರೆದವರಿಗೆ ಒಂದು ಇಮೇಲ್ ಹಾಕಿದಳು. ಶಾಂತಿನಾಥನಿಂದ ಸುದ್ದಿಯಿಲ್ಲ. ಕೆಲಸ ಕೈಬಿಟ್ಟಿತು ಅಂದುಕೊಂಡಳು.

ಒಂದು ಭಾನುವಾರ ಅವನು ಬೈಕಿನಲ್ಲಿ ಖಾನಾಪುರಕ್ಕೇ ಬಂದ. ಅಂಗಳದಲ್ಲಿ ಹಪ್ಪಳ ಒಣಗಿಸುತ್ತಿದ್ದ ಮನಿಷಾಳ ಅತ್ತೆ ಭೀಮಕ್ಕ, “ಬರ್ರಿ, ಒಳಗ ಕುಂದರ್ರಿ, ಬಿಸಲು ಭಾಳ ಐತಿ,” ಎಂದು ಕರೆದು ನೀರು ಕೊಟ್ಟಳು.

“ಸಂಪಾದಕರಿಗೆ ಬರದೇನ್ರಿ,” ಎಂದ ಶಾಂತಿನಾಥ. “ಪೇಪರ್ ವಾಪಸ್ ತಗೊಂಡೆ. ಈ ವರ್ಷ ಬಡ್ತಿ ಇಲ್ಲ. ಮನ್ಯಾಗ ಬೈಸಿಕೊಂಡೂ ಆತು.” ನಗಲು ನೋಡಿದ, ನಗು ಬರಲಿಲ್ಲ. “ಆವತ್ತು ನಿಮ್ಮ ಮ್ಯಾಲ ಸಿಟ್ಟು ಬಂದಿತ್ರಿ. ಈಗ ಒಂದು ಕೇಳಾಕ ಬಂದೀನಿ. ಮೇದಾಗ, ಆಗಸ್ಟ್‌ದಾಗ, ಅವss ಮಡಿ ಇಬ್ಬರೂ ಕೂಡಿ ನೋಡೂಣು. ಪೇಪರ್ ಇಬ್ಬರದು.”

ಬೇರೆಯವರ ಹೆಸರುಗಳನ್ನು ಹೊಂದಿಸಿ ಹೊಂದಿಸಿ ಲೇಖಕರ ಸಾಲು ಹೇಗಿರುತ್ತದೆಂದು ಮನಿಷಾಗೆ ಬಾಯಿಪಾಠವಾಗಿತ್ತು. “ಲೇಖಕರ ಹೆಸರಿನ ಕೆಳಗ ಸಂಸ್ಥಾದ ಹೆಸರು ಬೇಕು. ನನಗ ಯಾವ ಸಂಸ್ಥಾ ಐತ್ರಿ?”

“ಸ್ವತಂತ್ರ ಸಂಶೋಧಕಿ, ಖಾನಾಪುರ. ಹಂಗ ಬರದ್ರ ಯಾರೂ ಬ್ಯಾಡ ಅನ್ನೂದಿಲ್ಲ. ನಾ ಕೇಳೇನಿ.”

ಭೀಮಕ್ಕ ಬಾಗಿಲಲ್ಲೇ ನಿಂತು ಕೇಳುತ್ತಿದ್ದಳು. “ಹುಳಾ ಎಣಸಾಕ ಇಷ್ಟು ಮಾತ್ಯಾಕವಾ? ಹೂಂ ಅನ್ನು. ಅಡಗಿ ನಾ ಮಾಡ್ತೀನಿ.”

ಮನಿಷಾ ಹೂಂ ಅಂದಳು.

ಮೇ ತಿಂಗಳಲ್ಲಿ ಮೂವರು ರೈತರ ಸಸಿಮಡಿಗಳಲ್ಲಿ ಚೌಕ ಗುರುತು ಹಾಕಿ ಮಣ್ಣು ತೆಗೆದರು. ಆಗಸ್ಟ್‌ನಲ್ಲಿ ಮತ್ತೆ ಅದೇ ಜಾಗಗಳಿಗೆ ಹೋದರು. ಮಳೆ ಜೋರಾಗಿತ್ತು, ಮಣ್ಣು ಸನಿಕೆಗೆ ಮೆತ್ತಿಕೊಳ್ಳುತ್ತಿತ್ತು. ಮನಿಷಾ ಸೀರೆ ಎತ್ತಿ ಕಟ್ಟಿ, ತಟ್ಟೆಯಲ್ಲಿ ಮಣ್ಣು ಹರಡಿ, ಹುಳಗಳನ್ನು ಬೆರಳಿನಿಂದ ಬಿಡಿಸಿ ಎಣಿಸಿದಳು. ಕೈ ಆ ಕೆಲಸವನ್ನು ಮರೆತಿರಲಿಲ್ಲ. ಎರಡು ಹೊಲಗಳಲ್ಲಿ ಹುಳಗಳು ಪೂರ್ತಿ ತಿರುಗಿ ಬಂದಿದ್ದವು. ಮೂರನೆಯದರಲ್ಲಿ, ಉಳವಪ್ಪ ಎಂಬ ರೈತನ ಹೊಲದಲ್ಲಿ, ಬಂದಿರಲಿಲ್ಲ. ಯಾಕೆಂದು ಇಬ್ಬರಿಗೂ ತಿಳಿಯಲಿಲ್ಲ. ತಿಳಿಯಲಿಲ್ಲ ಎಂದೇ ಬರೆದರು.

ಲೇಖನ ಮುಂದಿನ ವರ್ಷ ಅಚ್ಚಾಯಿತು. ಸಮೀಕ್ಷೆ ಬರೆದವರಲ್ಲಿ ಒಬ್ಬರು ಕ್ಷಮೆ ಕೇಳಿ, ಪತ್ರಿಕೆಯಲ್ಲಿ ತಿದ್ದುಪಡಿ ಹಾಕಿಸಿದರು. ಅವರಿಂದ ಎತ್ತಿಕೊಂಡಿದ್ದವರಿಗೂ ಮನಿಷಾ ಬರೆದಳು, ಬಹಳ ಜನ ಉತ್ತರ ಕೊಡಲಿಲ್ಲ. ಶಾಂತಿನಾಥನ ಬಡ್ತಿ ಒಂದು ವರ್ಷ ತಡವಾಗಿ ಆಯಿತು. ಮನಿಷಾ ಈಗಲೂ ಬೇರೆಯವರ ಪಟ್ಟಿಗಳನ್ನು ತಿದ್ದುತ್ತಾಳೆ, ಆದರೆ ಈ ಮೇ ತಿಂಗಳಿಗೆ ಹೊಸ ಕೆಲಸ ಹಿಡಿಯುವುದಿಲ್ಲ ಎಂದು ಎಲ್ಲರಿಗೂ ಹೇಳಿದ್ದಾಳೆ. ಉಳವಪ್ಪನ ಹೊಲದಲ್ಲಿ ಇನ್ನೂ ಆಳಕ್ಕೆ ಅಗೆದು ನೋಡುವುದಿದೆ.