ಹೊಳೆಯದ ಹಾಸು

ಗಿರಾಕಿಗೆ ಬೋರ್ಡು ತಲುಪಿಸಿ ಬಂದವಳು ಬೋರ್ಡಿನ ಅಕ್ಷರ ಕತ್ತರಿಸುವ ಲೇಸರ್ ಯಂತ್ರದ ಮುಚ್ಚಳ ಎತ್ತಿದಳು. ಹುಳಿಹುಳಿ ಹೊಗೆ ಮುಖಕ್ಕೆ ರಾಚಿತು. ಕೆಳಗೆ ಹಾಸಿದ್ದು ಕಪ್ಪು ರೆಕ್ಸಿನ್, ಸೋಫಾ ರಿಪೇರಿಯವನು ಬಿಸಾಡಿದ ತುಂಡು. ಪುಗಸಟ್ಟೆ ಸಿಕ್ಕರೆ ನನಗೂ ಇರಲಿ, ನಮ್ಮಪ್ಪನಿಗೂ ಇರಲಿ ಅನ್ನುವ ಪೈಕಿ ಅವಳ ಗಂಡ.

ಮೊದಲು ಅಲ್ಲಿದ್ದದ್ದು ಕನ್ನಡಿಯಂಥ ಸ್ಟೀಲ್ ತಗಡು. ಕಿರಣ ಅದಕ್ಕೆ ಬಡಿದು ವಾಪಸು ಚಿಮ್ಮಿ ಅಕ್ರಿಲಿಕ್ ಅಕ್ಷರಗಳ ಬೆನ್ನಿಗೆಲ್ಲ ಸುಟ್ಟ ಕಲೆ. ಹೊಳೆಯದ್ದು ಹಾಕಿ, ಜೇನುಗೂಡಿನ ಥರದ ಕಪ್ಪು ಲೋಹದ ಜಾಲರಿ ಸಿಗುತ್ತೆ, ಅದು ಸುಡಲ್ಲ ಎಂದು ಹೇಳಿ ಹೇಳಿ ಅವಳ ನಾಲಿಗೆ ಸವೆದಿತ್ತು. ಅವನ ಕಿವಿಗೆ ಬಿದ್ದದ್ದು ಕಪ್ಪು ಅನ್ನುವುದಷ್ಟೇ.

ಪಕ್ಕದಲ್ಲೇ ಕೂತು ಅಕ್ಷರಗಳ ಮೇಲೆ ಗೀರು ಬೀಳದಂತೆ ಅಂಟಿಸಿದ್ದ ಕಾಗದ ಸುಲಿಯುತ್ತಿದ್ದ ಅವಳ ಅಮ್ಮ ಒಂದೇ ಸಮನೆ ಕೆಮ್ಮುತ್ತಿದ್ದಳು. ಮೊದಲೇ ಉಬ್ಬಸದ ಎದೆ. ಮಗಳ ಮನೆಯ ಅನ್ನ ಬಿಟ್ಟಿ ಅನ್ನಿಸಬಾರದೆಂದು ಈ ಕೆಲಸ ತಾನಾಗಿ ಹಿಡಿದವಳು.

“ಅಮ್ಮ, ಮೊದಲು ಹೊರಗೆ ಬಾ.”

“ಏನೂ ಆಗಲ್ಲ ಅಂತ ಅಳಿಯಂದ್ರು ಹೇಳಿದಾರಲ್ಲೇ.”

ಅಷ್ಟರಲ್ಲಿ ಗಂಡ ಬಂದ. “ಒಂಚೂರು ವಾಸನೆಗೆ ಇಷ್ಟು ರಂಪಾನಾ? ಹೊಳೀಬಾರ್ದು ಅಂದೆ. ಹೊಳೀತಿದ್ಯಾ, ನೋಡು!”

“ಈ ರೆಕ್ಸಿನ್ ಪಿವಿಸಿ ಪ್ಲಾಸ್ಟಿಕ್ ರೀ. ಸುಟ್ಟರೆ ಆಸಿಡ್ ಹೊಗೆ. ಯಂತ್ರದ ಕಬ್ಬಿಣಕ್ಕೇ ತುಕ್ಕು ಹಿಡಿಯುತ್ತೆ, ಇನ್ನು ಅಮ್ಮನ ಎದೆ ಉಳಿಯುತ್ತಾ?”

“ದೊಡ್ಡ ವಿಜ್ಞಾನಿ ಬಂದ್ಲು! ವಿಷ ಅಂತ ಗೊತ್ತಿದ್ರೆ ನಾನು ಹಾಕ್ತಿದ್ನಾ?” ಹಲ್ಲು ಕಿರಿದ.

ಮುಂದಿನ ಕೋಣೆಯಿಂದ ಅತ್ತೆಯ ದನಿ ಬಂತು. ದಿನಾ ಬೀಗಿತ್ತಿಯ ಜೊತೆ ಇಲ್ಲೇ ಕೂತು, ಊರ ಉಸಾಬರಿ ಮಾತಾಡುತ್ತ ಕಾಗದ ಸುಲಿಯುವವಳು ಆಕೆ. “ಬೀಗಿತ್ತೀನೂ ಇಲ್ಲಿಗೇ ಕಳಿಸೇ, ಒಬ್ಳಿಗೇ ಬೇಜಾರು. ಹೊಗೆ ನಿಂಗೆ ಒಳ್ಳೇದಲ್ಲಮ್ಮ ಅಂತ ಇವನು ಬೆಳಿಗ್ಗೇನೇ ನನ್ನ ಕುರ್ಚಿ ಇಲ್ಲಿ ತಂದಿಟ್ಟ.”

ಗಂಡನ ಹಲ್ಲು ಒಳಗೆ ಹೋಯಿತು.

ಆ ಮುಖ ನೋಡಿ ಅವಳಿಗೆ ಹೊಗೆಗಿಂತ ಹೆಚ್ಚು ಹೇಸಿಗೆಯಾಯಿತು. ದಡ್ಡನಾಗಿದ್ದರೆ ಬೈದು ಸುಮ್ಮನಾಗಬಹುದಿತ್ತು. ಇವನಿಗೆ ಎಲ್ಲ ಗೊತ್ತಿತ್ತು. ತನ್ನ ತಾಯಿಯದು ಗಂಟಲು, ಹೆಂಡತಿಯ ತಾಯಿಯದು ಚಿಮಣಿ. ಇಂಥವನ ತಟ್ಟೆಗೆ ಇಷ್ಟು ವರ್ಷ ಬಿಸಿಬಿಸಿ ಬಡಿಸಿದೆನಲ್ಲ ಎಂದು ತನ್ನ ಕೈ ಮೇಲೇ ಅಸಹ್ಯ ಹುಟ್ಟಿತು.

“ಹಾಗಾದ್ರೆ ಅಮ್ಮನ್ನ ಯಾಕೆ ಇಲ್ಲೇ ಬಿಟ್ರಿ?” ಅಂದಳು, ಅತ್ತೆಗೂ ಕೇಳುವಷ್ಟು ಗಟ್ಟಿಯಾಗಿ.

ಅತ್ತೆ ಕುರ್ಚಿಯನ್ನು ದರದರ ಎಳೆದುಕೊಂಡು ಬಂದು ಬೀಗಿತ್ತಿಯ ಮಗ್ಗುಲಿಗೇ ಕೂತಳು.

“ಹಾಕೋ ಮೆಷಿನ್ನು. ಏನೂ ಆಗಲ್ಲ ಅಂದ್ಯಲ್ಲ?”

“ಅಮ್ಮ, ನೀನು ಏಳು. ನೀನು ಮೊದ್ಲು ಏಳಮ್ಮ,” ಅಂತ ಅಂಗಲಾಚಿದ. ಪಕ್ಕದಲ್ಲಿ ಕೆಮ್ಮುತ್ತಿದ್ದವಳ ಕಡೆ ಆಗಲೂ ತಿರುಗಿ ನೋಡಲಿಲ್ಲ.

ಅವಳು ತನ್ನ ಅಮ್ಮನ ರಟ್ಟೆ ಹಿಡಿದು ಎಬ್ಬಿಸಿದಳು. ಅತ್ತೆ ಮಗನ ಕೈ ಕೊಡವಿ ಅವರ ಹಿಂದೆಯೇ ಹೊರಟಳು.